ಎಷ್ಟು ಕೊಡಬಲ್ಲರು ಅನ್ನುವುದು ಕೊನೆಯ ಪ್ರಶ್ನೆ

ಅಮೆರಿಕದ ದೊಡ್ಡ ಉದ್ಯಮಿ ಮೈಕೆಲ್ ಬ್ಲೂಮ್‌ಬರ್ಗ್ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಓದು ಮುಗಿಸಿದ್ದು 1964ರಲ್ಲಿ. ಮರುವರ್ಷ ಅವರು ಅಲ್ಲಿಗೆ ಕೊಟ್ಟ ಮೊದಲ ದೇಣಿಗೆ 5 ಡಾಲರ್. ಆಗ ಅವರ ಕೈಲಿ ಆಗುತ್ತಿದ್ದುದೇ ಅಷ್ಟು. 2018ರಲ್ಲಿ ಅದೇ ವಿಶ್ವವಿದ್ಯಾಲಯಕ್ಕೆ, ಹಣದ ಅನುಕೂಲವಿಲ್ಲದ ವಿದ್ಯಾರ್ಥಿಗಳ ಓದಿಗೆ ಅಂತ, 180 ಕೋಟಿ ಡಾಲರ್ ಕೊಟ್ಟರು. ದೊಡ್ಡ ದಾನಿಗಳನ್ನು ಹುಡುಕುವ ಕೆಲಸಕ್ಕೆ ಹೊಸದಾಗಿ ಸೇರಿದವರಿಗೆ ನಾನು ಮೊದಲು ಹೇಳುವುದು ಇದನ್ನೇ. 1965ರಲ್ಲಿ ಎಂಥ ಜಾಣ ಕೂತು ಲೆಕ್ಕ ಹಾಕಿದ್ದರೂ ಆ ಹುಡುಗನ ಹೆಸರಿನ ಮುಂದೆ ದೊಡ್ಡ ಅಂಕಿ ಬರೆಯಲು ಆಗುತ್ತಿರಲಿಲ್ಲ. ಆದರೆ ಕೊಡುವ ಮನಸ್ಸು ಅವತ್ತೇ ಇತ್ತು, ಅದು ದೇಣಿಗೆ ಲೆಕ್ಕದಲ್ಲೇ ಕಾಣುವಂಥದ್ದು.

ನಾನು ವಿಶ್ವವಿದ್ಯಾಲಯದ ದೇಣಿಗೆ ವಿಭಾಗದಲ್ಲಿ ಪ್ರಾಸ್ಪೆಕ್ಟ್ ರಿಸರ್ಚ್ ಮಾಡುತ್ತೇನೆ. ದಾನಿಗಳನ್ನು ಭೇಟಿಯಾಗಿ ಮಾತಾಡುವವರು ಬೇರೆ. ಅವರು ಯಾರನ್ನು ಭೇಟಿಯಾಗಬೇಕು, ಯಾಕೆ, ಯಾವಾಗ, ಏನನ್ನು ತಿಳಿದುಕೊಂಡು ಹೋಗಬೇಕು ಅಂತ ಮೊದಲೇ ಓದಿ, ಹುಡುಕಿ, ಬರೆದುಕೊಡುವವರು ನಾವು. ಈ ಕೆಲಸ ಹೊರಗಿನವರಿಗೆ ಅಷ್ಟಾಗಿ ಗೊತ್ತಿಲ್ಲ. ಗೊತ್ತಿರುವವರಲ್ಲೂ ಅರ್ಧ ಜನ ಇದನ್ನು ಶ್ರೀಮಂತರ ಪಟ್ಟಿ ಮಾಡುವ ಕೆಲಸ ಅಂದುಕೊಂಡಿದ್ದಾರೆ, ಇನ್ನರ್ಧ ಜನ ಪತ್ತೇದಾರಿ ಅಂದುಕೊಂಡಿದ್ದಾರೆ. ಎರಡೂ ಅಲ್ಲ.

ನಾವು ಒಬ್ಬರ ಬಗ್ಗೆ ಕೇಳಿಕೊಳ್ಳುವ ಪ್ರಶ್ನೆ ಮೂರು. ಅವರಿಗೆ ಕೊಡುವ ಶಕ್ತಿ ಇದೆಯಾ? ನಮ್ಮ ಜೊತೆ ಅವರಿಗೆ ನಂಟು ಇದೆಯಾ? ನಾವು ಹಣ ಕೇಳುತ್ತಿರುವ ಕೆಲಸದ ಮೇಲೆ ಅವರಿಗೆ ಒಲವು ಇದೆಯಾ? ಈ ಕ್ಷೇತ್ರದ ಯಾವ ತರಬೇತಿಗೆ ಹೋದರೂ ಈ ಮೂರನ್ನು ಹೇಳಿಕೊಡುತ್ತಾರೆ. ಆದರೆ ಕಚೇರಿಯಲ್ಲಿ ದಿನಾ ಕೇಳಿಬರುವುದು ಮೊದಲನೆಯದು ಮಾತ್ರ. ‘ಇವರು ಎಷ್ಟು ಕೊಡಬಹುದು?’ ಸಭೆ ಶುರುವಾಗುವುದೇ ಅಲ್ಲಿಂದ. ನನ್ನ ಮಟ್ಟಿಗೆ ಅದು ಕೊನೆಯಲ್ಲಿ ಕೇಳಬೇಕಾದ ಪ್ರಶ್ನೆ. ಶಕ್ತಿ ಇರುವವರು ಲಕ್ಷಾಂತರ ಜನ ಇದ್ದಾರೆ. ಅವರಲ್ಲಿ ಬಹುಪಾಲು ಜನ ನಿಮಗೆ ಎಂದೂ ಒಂದು ಪೈಸೆಯನ್ನೂ ಕೊಡುವುದಿಲ್ಲ, ಯಾಕೆಂದರೆ ಅವರಿಗೆ ನಿಮ್ಮ ಪರಿಚಯವೇ ಇಲ್ಲ. ಪತ್ರಿಕೆಯ ಶ್ರೀಮಂತರ ಪಟ್ಟಿ ತೆಗೆದುಕೊಂಡು ಮೇಲಿನ 50 ಹೆಸರಿಗೆ ಪತ್ರ ಬರೆಯೋಣ ಅಂತ ಪ್ರತಿ ಕಚೇರಿಯಲ್ಲೂ ಯಾರಾದರೂ ಒಬ್ಬರು ಹೇಳುತ್ತಾರೆ. ಅದೇ ಪಟ್ಟಿ ಉಳಿದ ಎಲ್ಲ ವಿಶ್ವವಿದ್ಯಾಲಯಗಳ ಮೇಜಿನ ಮೇಲೂ ಇದೆ ಅನ್ನುವುದು ಅವರಿಗೆ ಹೊಳೆಯುವುದಿಲ್ಲ.

ಹಾಗಾಗಿ ನಾನು ಶುರು ಮಾಡುವುದು ಮನೆಯೊಳಗಿಂದ. ನಮ್ಮದೇ ಡೇಟಾಬೇಸ್. ಕೊನೆಯ ಸಲ ಯಾವಾಗ ಕೊಟ್ಟರು, ಎಷ್ಟು ಸಲ ಕೊಟ್ಟರು, ಎಷ್ಟೆಷ್ಟು ಕೊಟ್ಟರು ಅನ್ನುವ ಮೂರನ್ನು ಜೋಡಿಸಿ ನೋಡುವುದು ಹಳೆಯ ಪದ್ಧತಿ, ಈಗಲೂ ಅದಕ್ಕಿಂತ ಗಟ್ಟಿಯಾದದ್ದು ಕಡಿಮೆ. ಇಪ್ಪತ್ತು ವರ್ಷ ಬಿಡದೆ ಸಣ್ಣ ಮೊತ್ತ ಕಳಿಸುತ್ತಿರುವವರು, ಒಂದೇ ಸಲ ದೊಡ್ಡದು ಕೊಟ್ಟು ಮಾಯವಾದವರಿಗಿಂತ ನನಗೆ ಜಾಸ್ತಿ ಮುಖ್ಯ. ಆಮೇಲೆ ಹಣಕ್ಕೆ ಸಂಬಂಧವಿಲ್ಲದ ಸಣ್ಣ ಸಣ್ಣ ಗುರುತುಗಳು. ವಿದ್ಯಾರ್ಥಿವೇತನ ಪಡೆದು ಓದಿದವರಾ? ಹಾಸ್ಟೆಲ್‌ನಲ್ಲಿದ್ದರಾ? ಪ್ರತಿ ಪುನರ್ಮಿಲನಕ್ಕೂ ಬರುತ್ತಾರಾ? ವಿಳಾಸ ಬದಲಾದಾಗ ತಾವೇ ಫೋನ್ ಮಾಡಿ ತಿಳಿಸಿದರಾ? ಈ ಕೊನೆಯದನ್ನು ಜನ ಲೆಕ್ಕಕ್ಕೇ ಇಟ್ಟುಕೊಳ್ಳುವುದಿಲ್ಲ. ಯಾರೂ ಕೇಳದೆ ತನ್ನ ಹೊಸ ವಿಳಾಸ ಕೊಡುವ ಮನುಷ್ಯ ನಿಮ್ಮಿಂದ ಪತ್ರ ಬರಲಿ ಅಂತ ಕಾಯುತ್ತಿದ್ದಾನೆ, ಅಲ್ವಾ?

ಈ ಡೇಟಾಬೇಸ್ ಚೊಕ್ಕಟವಾಗಿರುವುದು ಅಪರೂಪ. ಒಬ್ಬರೇ ಮನುಷ್ಯರಿಗೆ ಎರಡು ದಾಖಲೆ ಇರುತ್ತವೆ. ಒಂದರಲ್ಲಿ ಇನಿಶಿಯಲ್ ಮುಂದೆ, ಇನ್ನೊಂದರಲ್ಲಿ ಹಿಂದೆ. ಮದುವೆಯಾದ ಮೇಲೆ ಹೆಸರು ಬದಲಾದ ಹೆಣ್ಣುಮಕ್ಕಳು ದಾಖಲೆಯಿಂದಲೇ ಕಳೆದುಹೋಗಿರುತ್ತಾರೆ. ಗಂಡ ಹೆಂಡತಿ ಇಬ್ಬರೂ ಸೇರಿ ಕೊಟ್ಟ ದೇಣಿಗೆ ಗಂಡನ ಖಾತೆಯಲ್ಲಿ ಮಾತ್ರ ಜಮೆಯಾಗಿರುತ್ತದೆ, ಓದಿದ್ದು ಹೆಂಡತಿಯಾದರೂ. ಇದು ಗುಮಾಸ್ತೆ ಕೆಲಸ ಅಂತ ಮೂಗು ಮುರಿಯುವವರಿಗೆ ನಾನು ನೆನಪಿಸುವ ಹೆಸರು ರೂತ್ ಗಾಟ್ಸ್‌ಮನ್. ನ್ಯೂಯಾರ್ಕಿನ ಆಲ್ಬರ್ಟ್ ಐನ್‌ಸ್ಟೈನ್ ವೈದ್ಯಕೀಯ ಕಾಲೇಜಿಗೆ 2024ರಲ್ಲಿ 100 ಕೋಟಿ ಡಾಲರ್ ಕೊಟ್ಟು, ಅಲ್ಲಿ ಓದುವವರಿಗೆ ಬೋಧನಾ ಶುಲ್ಕವೇ ಇಲ್ಲದಂತೆ ಮಾಡಿದವರು. ಗಂಡ ಬರ್ಕ್‌ಶೈರ್ ಹ್ಯಾಥವೇ ಕಂಪನಿಯ ಹಳೆಯ ಹೂಡಿಕೆದಾರ, 2022ರಲ್ಲಿ ತೀರಿಕೊಂಡರು. ಹಣದ ಕಡೆಯಿಂದ ಹುಡುಕುವವರಿಗೆ ಮೊದಲು ಕಾಣುವುದು ಗಂಡನ ಹೆಸರು. ಆದರೆ ಆ ಕಾಲೇಜಿನಲ್ಲಿ ದಶಕಗಳ ಕಾಲ ಕೆಲಸ ಮಾಡಿದವರು, ಪ್ರಾಧ್ಯಾಪಕಿಯಾಗಿದ್ದವರು, ಆಡಳಿತ ಮಂಡಳಿಯನ್ನು ನಡೆಸಿದವರು ರೂತ್. ನಂಟು ಇದ್ದದ್ದು ಅವರ ಕಡೆಯಿಂದ. ನಿಮ್ಮ ದಾಖಲೆಯಲ್ಲಿ ಹೆಂಡತಿಯ ಹೆಸರು ಬರೀ ‘ಶ್ರೀಮತಿ’ ಅಂತ ಇದ್ದರೆ ಇಂಥವರು ನಿಮಗೆ ಕಾಣುವುದೇ ಇಲ್ಲ.

ಹೊರಗಿನ ಹುಡುಕಾಟಕ್ಕೆ ಬರೋಣ. ಎಲ್ಲರಿಗೂ ಕುತೂಹಲ ಇರುವುದು ಇಲ್ಲೇ. ಇಲ್ಲಿ ಗುಟ್ಟೇನೂ ಇಲ್ಲ, ನಾವು ನೋಡುವುದೆಲ್ಲ ಸಾರ್ವಜನಿಕ ದಾಖಲೆ. ಅಮೆರಿಕದಲ್ಲಿ ಲಿಸ್ಟೆಡ್ ಕಂಪನಿಯ, ಅಂದರೆ ಷೇರುಪೇಟೆಯಲ್ಲಿ ವಹಿವಾಟಾಗುವ ಕಂಪನಿಯ, ನಿರ್ದೇಶಕರು, ದೊಡ್ಡ ಅಧಿಕಾರಿಗಳು ತಮ್ಮ ಕಂಪನಿಯ ಷೇರು ಮಾರಿದರೆ ಅಥವಾ ಕೊಂಡರೆ ಎರಡು ಕೆಲಸದ ದಿನಗಳಲ್ಲಿ ಫಾರ್ಮ್ 4 ಅನ್ನುವ ವರದಿಯನ್ನು ಷೇರುಪೇಟೆಯ ನಿಯಂತ್ರಕರಿಗೆ ಸಲ್ಲಿಸಬೇಕು, ಅದನ್ನು ಯಾರು ಬೇಕಾದರೂ ಓದಬಹುದು. ಅದರಲ್ಲಿ ವ್ಯವಹಾರದ ಬಗೆಯನ್ನು ಹೇಳುವ ಒಂದೊಂದು ಅಕ್ಷರ ಇರುತ್ತದೆ. ‘ಜಿ’ ಅಂತ ಇದ್ದರೆ ಷೇರನ್ನು ಯಾರಿಗೋ ಉಡುಗೊರೆಯಾಗಿ ಕೊಟ್ಟಿದ್ದಾರೆ ಅಂತ ಅರ್ಥ. 2023ರ ಫೆಬ್ರವರಿ ಕೊನೆಯಿಂದ ಈ ಉಡುಗೊರೆಗಳನ್ನೂ ಎರಡೇ ದಿನದಲ್ಲಿ ತಿಳಿಸಬೇಕು, ಅದಕ್ಕೂ ಮೊದಲು ವರ್ಷದ ಕೊನೆಯವರೆಗೆ ಕಾಯಲು ಅವಕಾಶ ಇತ್ತು. ನನ್ನಂಥವರಿಗೆ ಆ ಒಂದು ‘ಜಿ’ ಹತ್ತು ಪುಟದ ಸಂದರ್ಶನಕ್ಕಿಂತ ಜಾಸ್ತಿ ಹೇಳುತ್ತದೆ. ಆದರೆ ಆ ಉಡುಗೊರೆ ಹೋಗಿದ್ದು ಮಕ್ಕಳ ಟ್ರಸ್ಟ್‌ಗೂ ಇರಬಹುದು, ದತ್ತಿ ಸಂಸ್ಥೆಗೂ ಇರಬಹುದು. ಕೆಳಗಿನ ಟಿಪ್ಪಣಿ ಓದದೆ ತೀರ್ಮಾನಕ್ಕೆ ಬರಬಾರದು.

ಅಲ್ಲಿನ ಖಾಸಗಿ ಪ್ರತಿಷ್ಠಾನಗಳು, ಹೆಚ್ಚಾಗಿ ಒಂದು ಕುಟುಂಬ ದಾನಕ್ಕೆ ಅಂತ ಕಟ್ಟಿಕೊಂಡವು, ಪ್ರತಿ ವರ್ಷ ಸಲ್ಲಿಸುವ ಫಾರ್ಮ್ 990-ಪಿಎಫ್ ಇನ್ನೂ ಒಳ್ಳೆಯದು. ಆ ವರ್ಷ ಯಾರ್ಯಾರಿಗೆ ಎಷ್ಟೆಷ್ಟು ಕೊಟ್ಟರು ಅನ್ನುವ ಪಟ್ಟಿಯೇ ಅದರಲ್ಲಿ ಇರುತ್ತದೆ. ಮೂರ್ನಾಲ್ಕು ವರ್ಷದ ಫಾರ್ಮ್‌ಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಆ ಕುಟುಂಬಕ್ಕೆ ಯಾವುದರ ಮೇಲೆ ಮನಸ್ಸು, ಒಂದು ಕಡೆ ಶುರು ಮಾಡಿದರೆ ಎಷ್ಟು ವರ್ಷ ಮುಂದುವರಿಸುತ್ತಾರೆ, ಮೊದಲ ಸಲ ಎಷ್ಟರಿಂದ ಶುರು ಮಾಡುತ್ತಾರೆ ಅನ್ನುವುದೆಲ್ಲ ತಾನಾಗೇ ಕಾಣುತ್ತದೆ. ಬ್ರಿಟನ್‌ನಲ್ಲಿ ಕಂಪನಿಗಳನ್ನು ನೋಂದಾಯಿಸುವ ಸರ್ಕಾರಿ ಕಚೇರಿ ಕಂಪನೀಸ್ ಹೌಸ್‌ನ ದಾಖಲೆಗಳು 2015ರಿಂದ ಉಚಿತ, ಕಂಪನಿಯ ನಿಜವಾದ ಹಿಡಿತ ಯಾರ ಕೈಲಿದೆ ಅನ್ನುವುದೂ 2016ರಿಂದ ದಾಖಲಾಗುತ್ತಿದೆ. ಭಾರತದಲ್ಲಿ ಲಿಸ್ಟೆಡ್ ಕಂಪನಿಗಳು ಮೂರು ತಿಂಗಳಿಗೊಮ್ಮೆ ಷೇರುದಾರರ ವಿವರ ಕೊಡಬೇಕು, ಪ್ರವರ್ತಕರು ತಮ್ಮ ಷೇರಿನಲ್ಲಿ ಎಷ್ಟನ್ನು ಅಡವಿಟ್ಟಿದ್ದಾರೆ ಅನ್ನುವುದೂ ಅದರಲ್ಲಿ ಬರುತ್ತದೆ. ಈ ಅಡವಿನ ಕಾಲಂ ನೋಡದೆ ಯಾರನ್ನೂ ಕೋಟ್ಯಧಿಪತಿ ಅಂತ ಬರೆಯಬೇಡಿ.

ಕಾಗದದ ಮೇಲಿನ ಸಂಪತ್ತು ಬೇರೆ, ಕೊಡಲು ಸಿಗುವ ಹಣ ಬೇರೆ. ಒಂದು ಉದಾಹರಣೆ ಕಟ್ಟಿ ಹೇಳುತ್ತೇನೆ. ರಸಾಯನಶಾಸ್ತ್ರ ಓದಿದ ಒಬ್ಬ ಹಳೆಯ ವಿದ್ಯಾರ್ಥಿ, ಮೂವತ್ತು ವರ್ಷ ಕಟ್ಟಿದ ಔಷಧಿ ಕಂಪನಿಯನ್ನು 100 ಕೋಟಿಗೆ ಮಾರಿದರು ಅಂತ ಸುದ್ದಿ ಬಂತು ಅಂದುಕೊಳ್ಳಿ. ಬೆಳಗ್ಗೆಯೇ ಮೇಲಿನವರಿಂದ ಫೋನ್, ‘ನೋಡಿದ್ರಾ, 100 ಕೋಟಿ!’ ಈಗ ನಿಧಾನವಾಗಿ ಓದಿ. ಕಂಪನಿಯಲ್ಲಿ ಅವರ ಪಾಲು 12 ಶೇಕಡಾ, ಉಳಿದದ್ದು ಹೂಡಿಕೆದಾರರದು. ಅಲ್ಲಿಗೆ 12 ಕೋಟಿ. ಅದರಲ್ಲಿ ಅರ್ಧ ನಗದು, ಇನ್ನರ್ಧ ಕೊಂಡ ಕಂಪನಿಯ ಷೇರು, ಅದನ್ನು ಎರಡು ವರ್ಷ ಮಾರುವಂತಿಲ್ಲ. ನಗದಿನಲ್ಲೂ ಒಂದು ಭಾಗ ಮುಂದಿನ ವರ್ಷದ ಗುರಿ ಮುಟ್ಟಿದರೆ ಮಾತ್ರ ಸಿಗುವಂಥದ್ದು. ತೆರಿಗೆ ಹೋಗಬೇಕು. ಸಾಲ ಇದ್ದರೆ ಅದೂ ಹೋಗಬೇಕು. ಈ ವರ್ಷ ಅವರ ಕೈಲಿ ಇರುವುದು ಸುದ್ದಿಯ ದೊಡ್ಡಕ್ಷರದಲ್ಲಿ ಇದ್ದುದರ ಒಂದು ಸಣ್ಣ ಚೂರು. ಆದರೆ ಎರಡು ವರ್ಷ ಬಿಟ್ಟು, ಷೇರಿನ ಬೀಗ ತೆಗೆದ ಮೇಲೆ, ಚಿತ್ರ ಬೇರೆಯೇ. ನಾನು ಬರೆದುಕೊಡುವ ಟಿಪ್ಪಣಿಯಲ್ಲಿ ಮುಖ್ಯ ಸಾಲು ಮೊತ್ತದ್ದಲ್ಲ, ಸಮಯದ್ದು. ಈಗ ಹೋಗಿ ಪ್ರಯೋಗಾಲಯ ತೋರಿಸಿ, ಹಳೆಯ ಮೇಷ್ಟ್ರನ್ನು ಭೇಟಿ ಮಾಡಿಸಿ, ಹಣದ ಮಾತು ಸದ್ಯಕ್ಕೆ ಬೇಡ.

ಶಕ್ತಿಯ ರೇಟಿಂಗ್ ಅಂತ ನಾವು ಒಂದು ಅಂಕಿ ಕೊಡುತ್ತೇವೆ. ಸಾಮಾನ್ಯವಾಗಿ ಅದರ ಅರ್ಥ, ಆ ವ್ಯಕ್ತಿ ಐದು ವರ್ಷದಲ್ಲಿ ಎಲ್ಲ ಸಂಸ್ಥೆಗಳಿಗೂ ಸೇರಿ ಎಷ್ಟು ಕೊಡಬಲ್ಲರು ಅನ್ನುವ ಅಂದಾಜು. ನಿಮಗೊಬ್ಬರಿಗೇ ಕೊಡುವುದು ಅಂತ ಅಲ್ಲ. ಕೇಳಬೇಕಾದ ಮೊತ್ತವೂ ಅದಲ್ಲ. ಈ ವ್ಯತ್ಯಾಸವನ್ನು, ಒಬ್ಬರ ಬಗ್ಗೆ ನಾವು ಬರೆದುಕೊಡುವ ಪ್ರೊಫೈಲ್‌ನ ಮೊದಲ ಪುಟದಲ್ಲೇ ಬರೆದಿಡುವುದು ಒಳ್ಳೆಯದು, ಇಲ್ಲದಿದ್ದರೆ ಆ ಅಂಕಿ ಸಭೆಯಿಂದ ಸಭೆಗೆ ಹೋಗುತ್ತಾ ವರ್ಷದ ಕೊನೆಗೆ ಗುರಿಯಾಗಿ ನಿಂತುಬಿಡುತ್ತದೆ.

ಸಾಫ್ಟ್‌ವೇರ್ ಬಗ್ಗೆ ಎರಡು ಮಾತು. ವೆಲ್ತ್ ಸ್ಕ್ರೀನಿಂಗ್ ಅಂತ ಇದೆ, ಲಕ್ಷ ಹೆಸರುಗಳನ್ನು ಕೊಟ್ಟರೆ ಆಸ್ತಿ, ಷೇರು, ಕಂಪನಿ ಎಲ್ಲವನ್ನೂ ಜೋಡಿಸಿ ಒಂದೊಂದಕ್ಕೆ ಅಂಕ ಹಾಕಿ ವಾಪಸ್ ಕೊಡುತ್ತದೆ. ಉಪಯೋಗ ಇದೆ, ಇಲ್ಲ ಅನ್ನುವುದಿಲ್ಲ. ಆದರೆ ಒಂದೇ ಹೆಸರಿನವರು ಹತ್ತು ಜನ ಇದ್ದಾಗ ಅದು ಒಬ್ಬರ ಮನೆಯನ್ನು ಇನ್ನೊಬ್ಬರ ಖಾತೆಗೆ ಹಾಕುತ್ತದೆ. ಈಗ ಬಂದಿರುವ ಎಐ ಚಾಟ್‌ಬಾಟ್‌ಗಳ ವಿಷಯವೂ ಅಷ್ಟೇ. ಇಬ್ಬರ ಬದುಕನ್ನು ಒಂದೇ ಪ್ಯಾರಾದಲ್ಲಿ ನಯವಾಗಿ ಬೆಸೆದುಕೊಡುತ್ತವೆ, ಓದಿದರೆ ಅನುಮಾನವೇ ಬರುವುದಿಲ್ಲ. ಹುಟ್ಟಿದ ವರ್ಷ, ಪದವಿಯ ವರ್ಷ, ಕಂಪನಿ, ಊರು ಇವುಗಳಲ್ಲಿ ಕನಿಷ್ಠ ಎರಡಾದರೂ ಹೊಂದದೆ ನಾನು ಯಾವ ಆಸ್ತಿಯನ್ನೂ ಯಾರ ಹೆಸರಿಗೂ ಬರೆಯುವುದಿಲ್ಲ.

ಯಂತ್ರಕ್ಕೆ ಕಾಣದೇ ಹೋಗುವವರೂ ಇದ್ದಾರೆ. ಓಸಿಯೋಲಾ ಮೆಕಾರ್ಟಿ ಅಮೆರಿಕದ ಮಿಸಿಸಿಪ್ಪಿಯಲ್ಲಿ ಜೀವನವಿಡೀ ಬೇರೆಯವರ ಬಟ್ಟೆ ಒಗೆದು ಇಸ್ತ್ರಿ ಮಾಡಿ ಬದುಕಿದ ಹೆಣ್ಣುಮಗಳು. ಕಾಯಿಲೆ ಬಿದ್ದ ಚಿಕ್ಕಮ್ಮನನ್ನು ನೋಡಿಕೊಳ್ಳಲು ಆರನೇ ತರಗತಿಗೆ ಶಾಲೆ ಬಿಟ್ಟವರು. 1995ರಲ್ಲಿ ಅವರು ತಮ್ಮ ಉಳಿತಾಯದ ದೊಡ್ಡ ಪಾಲನ್ನು, ಸುಮಾರು 1,50,000 ಡಾಲರ್, ಸದರ್ನ್ ಮಿಸಿಸಿಪ್ಪಿ ವಿಶ್ವವಿದ್ಯಾಲಯದ ವಿದ್ಯಾರ್ಥಿವೇತನಕ್ಕೆ ಕೊಡುವುದಾಗಿ ಬರೆದುಕೊಟ್ಟರು. ಹಣವನ್ನು ಹೇಗೆ ಹಂಚಬೇಕು ಅಂತ ಕೇಳುವಾಗ ಬ್ಯಾಂಕಿನವರು ಅವರ ಮುಂದೆ 10 ಸಣ್ಣ ನಾಣ್ಯ ಇಟ್ಟರು, ಒಂದೊಂದು ನಾಣ್ಯ ಅಂದರೆ ಹತ್ತರಲ್ಲಿ ಒಂದು ಪಾಲು. ಅವರು ಒಂದನ್ನು ಚರ್ಚಿಗೆ, ಮೂರನ್ನು ಬಂಧುಗಳಿಗೆ ಎತ್ತಿಟ್ಟು, ಉಳಿದ ಆರನ್ನು ವಿಶ್ವವಿದ್ಯಾಲಯದ ಕಡೆಗೆ ಸರಿಸಿದರು. ಅಲ್ಲಿ ಅವರು ಓದಿರಲಿಲ್ಲ. ಯಾವ ಸ್ಕ್ರೀನಿಂಗ್‌ನಲ್ಲೂ ಅವರ ಹೆಸರು ಮೇಲೆ ಬರುತ್ತಿರಲಿಲ್ಲ. ಅವರ ಹೆಸರು ಬರುವ ಸಾಧ್ಯತೆ ಇದ್ದದ್ದು ಪಕ್ಕದಲ್ಲಿದ್ದು ಅವರನ್ನು ಬಲ್ಲ ಮನುಷ್ಯರ ಬಾಯಲ್ಲಿ ಮಾತ್ರ.

ನ್ಯೂ ಹ್ಯಾಂಪ್‌ಶೈರ್ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಹತ್ತಿರ ಹತ್ತಿರ 50 ವರ್ಷ ಪುಸ್ತಕಗಳ ಪಟ್ಟಿ ಮಾಡುತ್ತಿದ್ದ ರಾಬರ್ಟ್ ಮೋರಿನ್ ಇನ್ನೊಂದು ಬಗೆ. 2015ರಲ್ಲಿ ತೀರಿಕೊಂಡಾಗ ವಿಶ್ವವಿದ್ಯಾಲಯಕ್ಕೆ 40 ಲಕ್ಷ ಡಾಲರ್ ಬಿಟ್ಟುಹೋಗಿದ್ದರು. ಅದರಲ್ಲಿ ಗ್ರಂಥಾಲಯಕ್ಕೆ ಅಂತಲೇ ಹೇಳಿದ್ದು 1 ಲಕ್ಷ ಮಾತ್ರ, ಉಳಿದದ್ದನ್ನು ವಿಶ್ವವಿದ್ಯಾಲಯಕ್ಕೆ ಬಿಟ್ಟಿದ್ದರು. ಅದರಲ್ಲಿ 10 ಲಕ್ಷ ಡಾಲರನ್ನು ಫುಟ್‌ಬಾಲ್ ಮೈದಾನದ ಸ್ಕೋರ್‌ಬೋರ್ಡಿಗೆ ಹಾಕಿದರು, ಜನ ಸಿಟ್ಟಾದರು. ಕೊನೆಗಾಲದಲ್ಲಿ ಅವರು ಟಿವಿಯಲ್ಲಿ ಫುಟ್‌ಬಾಲ್ ನೋಡಲು ಶುರು ಮಾಡಿದ್ದರು ಅಂತ ವಿಶ್ವವಿದ್ಯಾಲಯ ಸಮಜಾಯಿಷಿ ಕೊಟ್ಟಿತು. ನನಗೆ ಈ ಕತೆಯಲ್ಲಿ ನೋವಾಗುವುದು ಸ್ಕೋರ್‌ಬೋರ್ಡಿನ ಬಗ್ಗೆ ಅಲ್ಲ. ಅರ್ಧ ಶತಮಾನ ಅದೇ ಆವರಣದಲ್ಲಿ ಓಡಾಡಿದ ಮನುಷ್ಯನಿಗೆ ಏನು ಇಷ್ಟ ಅನ್ನುವುದಕ್ಕೆ ಕೊನೆಗೆ ಸಾಕ್ಷಿ ಹುಡುಕಬೇಕಾಗಿ ಬಂತು. ನಮ್ಮದೇ ನೌಕರರು, ನಿವೃತ್ತರು, ಲ್ಯಾಬ್ ಸಹಾಯಕರು, ಇವರೆಲ್ಲ ಸಂಶೋಧನೆಯ ಪಟ್ಟಿಯಲ್ಲಿ ಇರಬೇಕು. ಅವರ ಹಣದ ಆಸೆಗೆ ಅಲ್ಲ. ಅವರಿಗೆ ಏನು ಮುಖ್ಯ ಅಂತ ಅವರು ಬದುಕಿರುವಾಗಲೇ ಕೇಳಿ ಬರೆದಿಟ್ಟುಕೊಳ್ಳಲು.

ಈ ಮಾತು ನೇರ ಒಲವಿನ ವಿಷಯಕ್ಕೆ ಬರುತ್ತದೆ. ಮೂರು ಪ್ರಶ್ನೆಗಳಲ್ಲಿ ಅತಿ ಕಷ್ಟದ್ದು ಇದು, ಯಾಕೆಂದರೆ ಒಲವಿಗೆ ಫಾರ್ಮ್ 4 ಇಲ್ಲ. ಹಳೆಯ ಸಂದರ್ಶನಗಳನ್ನು, ಭಾಷಣಗಳನ್ನು, ಕಂಪನಿಯ ವಾರ್ಷಿಕ ವರದಿಯ ಮುನ್ನುಡಿಯನ್ನು, ಹಳೆ ವಿದ್ಯಾರ್ಥಿಗಳ ಪತ್ರಿಕೆಗೆ ಬರೆದ ನಾಲ್ಕು ಸಾಲನ್ನು ಓದುತ್ತಾ ಕೂರಬೇಕು. ಯಾರ ಹೆಸರನ್ನು ಮತ್ತೆ ಮತ್ತೆ ಹೇಳುತ್ತಾರೆ? ಯಾವ ವಿಷಯ ಬಂದಾಗ ಉತ್ತರ ಉದ್ದವಾಗುತ್ತದೆ? ಐದು ಸಂದರ್ಶನಗಳಲ್ಲಿ ನಾಲ್ಕರಲ್ಲಿ ‘ಆ ವಿದ್ಯಾರ್ಥಿವೇತನ ಇಲ್ಲದಿದ್ದರೆ ನಾನು ಓದುತ್ತಲೇ ಇರಲಿಲ್ಲ’ ಅಂದವರ ಹತ್ತಿರ ಹೋಗಿ ಹೊಸ ಆಡಳಿತ ಕಟ್ಟಡಕ್ಕೆ ಹಣ ಕೇಳುವುದು ದಡ್ಡತನ ಮಾತ್ರ ಅಲ್ಲ, ಅಗೌರವ. ನಮ್ಮ ಅಗತ್ಯದ ಪಟ್ಟಿ ಹಿಡಿದುಕೊಂಡು ಅದಕ್ಕೆ ತಕ್ಕ ಶ್ರೀಮಂತರನ್ನು ಹುಡುಕುವುದು ಸುಲಭ. ಆ ಮನುಷ್ಯನ ಮನಸ್ಸಿನಲ್ಲಿರುವುದೂ ನಮ್ಮ ಕೆಲಸವೂ ಎಲ್ಲಿ ಸೇರುತ್ತವೆ ಅಂತ ಹುಡುಕುವುದಕ್ಕೆ ತಾಳ್ಮೆ ಬೇಕು, ಕೆಲವು ಸಲ ಎಲ್ಲೂ ಸೇರುವುದಿಲ್ಲ ಅಂತ ಒಪ್ಪಿಕೊಂಡು ಫೈಲ್ ಮುಚ್ಚಲೂ ಬೇಕು. ಒಬ್ಬ ದೇಣಿಗೆ ಅಧಿಕಾರಿ ಸರಿಯಾಗಿ ಸಂಬಂಧ ಇಟ್ಟುಕೊಳ್ಳಲು ಆಗುವುದು ಸಾಮಾನ್ಯವಾಗಿ 100ರಿಂದ 150 ಜನರ ಜೊತೆ. ಅಲ್ಲಿ ಒಂದು ಹೆಸರು ಸುಮ್ನೆ ಕೂತಿದ್ದರೆ ಇನ್ನೊಬ್ಬರ ಜಾಗ ಹೋದ ಹಾಗೆ. ಪಟ್ಟಿಗೆ ಹೆಸರು ಸೇರಿಸಿದಷ್ಟೇ ಶ್ರದ್ಧೆಯಿಂದ ನಾನು ಹೆಸರು ತೆಗೆಯುತ್ತೇನೆ.

ಭೇಟಿ ಮಾಡಿ ಬಂದವರು ಬರೆಯುವ ವರದಿಯೂ ನಮಗೆ ಆಧಾರವೇ. ದೇಣಿಗೆ ಅಧಿಕಾರಿಗಳಲ್ಲಿ ಕೆಲವರು ‘ಭೇಟಿ ಚೆನ್ನಾಗಿತ್ತು, ಮುಂದುವರಿಸುವುದು’ ಅಂತ ಒಂದು ಸಾಲು ಬರೆದು ಮುಗಿಸುತ್ತಾರೆ. ಇದು ನನಗೆ ತುಂಬ ಬೇಸರದ ವಿಷಯ. ಇನ್ನೂ ಕೆಲವರು ಬರೆಯುತ್ತಾರೆ, ‘ಭೌತಶಾಸ್ತ್ರ ವಿಭಾಗದ ಹೊಸ ಯಂತ್ರ ತೋರಿಸಿದಾಗ ಕೈಕಟ್ಟಿ ನಿಂತರು, ಹಳೆಯ ವರ್ಕ್‌ಶಾಪಿನ ಮುಂದೆ ಮಾತ್ರ ಅರ್ಧ ಗಂಟೆ ನಿಂತು ಲೇತ್ ಯಂತ್ರದ ಬಗ್ಗೆ ಕೇಳಿದರು, ಮಗಳು ಜೊತೆಗೆ ಬಂದಿದ್ದರು, ಪ್ರಶ್ನೆಗಳೆಲ್ಲ ಅವರದೇ.’ ಇಂಥ ಒಂದು ಪ್ಯಾರಾ ಸಿಕ್ಕರೆ ಮುಂದಿನ ವರ್ಷದ ದಾರಿಯೇ ಕಾಣುತ್ತದೆ. ಯಾರ ಜೊತೆ ಮಾತಾಡಬೇಕು ಅನ್ನುವುದೂ ಕಾಣುತ್ತದೆ, ಅದು ಮಗಳು.

ಇಷ್ಟೆಲ್ಲ ಓದಿ ಹುಡುಕಿದ ಮೇಲೆ, ಏನನ್ನು ಬರೆಯಬಾರದು? ನನಗೆ ಈ ಕೆಲಸದ ಜೀವ ಇರುವುದು ಇಲ್ಲಿ. ಹುಡುಕುವಾಗ ಬೇಕಾದದ್ದು, ಬೇಡದ್ದು ಎರಡೂ ಕಣ್ಣಿಗೆ ಬೀಳುತ್ತವೆ. ಅಣ್ಣತಮ್ಮಂದಿರ ಆಸ್ತಿ ಜಗಳ, ಮುರಿದ ಮದುವೆ, ಮಗನ ಕಾಯಿಲೆ. ಕೋರ್ಟ್ ದಾಖಲೆಯಲ್ಲಿ ಇದೆ, ಯಾರು ಬೇಕಾದರೂ ಓದಬಹುದು, ಆದ್ದರಿಂದ ಬರೆಯಬಹುದು ಅನ್ನುವ ವಾದ ನನಗೆ ಒಪ್ಪಿಗೆ ಇಲ್ಲ. ನಾನು ಇಟ್ಟುಕೊಂಡಿರುವ ಅಳತೆ ಒಂದೇ. ಈ ಪ್ರೊಫೈಲನ್ನು ಆ ವ್ಯಕ್ತಿಯೇ ನನ್ನ ಎದುರು ಕೂತು ಓದಿದರೆ, ಯಾವ ಸಾಲಿನ ಹತ್ತಿರ ನಾನು ತಲೆ ತಗ್ಗಿಸಬೇಕಾಗುತ್ತದೆ? ಆ ಸಾಲು ಹೋಗಬೇಕು. ಉಳಿದ ಪ್ರತಿ ಸಾಲಿಗೂ ಎಲ್ಲಿಂದ ಸಿಕ್ಕಿತು, ಯಾವ ತಾರೀಕು ನೋಡಿದ್ದು ಅಂತ ಇರಬೇಕು, ನನ್ನ ಊಹೆಯಾದರೆ ಊಹೆ ಅಂತಲೇ ಬರೆದಿರಬೇಕು.

ಇದು ಬರೀ ಒಳ್ಳೆಯತನದ ಮಾತಲ್ಲ. ವೈಯಕ್ತಿಕ ಮಾಹಿತಿಯ ರಕ್ಷಣೆಗೆ ಇರುವ ಯುರೋಪಿನ ಜಿಡಿಪಿಆರ್ ಕಾನೂನು 2018ರ ಮೇ 25ರಿಂದ ಜಾರಿಯಲ್ಲಿದೆ. ಅದರ ಪ್ರಕಾರ ತನ್ನ ಬಗ್ಗೆ ಸಂಸ್ಥೆ ಏನೇನು ಇಟ್ಟುಕೊಂಡಿದೆ ಅಂತ ಕೇಳಿ ಪ್ರತಿ ಪಡೆಯುವ ಹಕ್ಕು ಪ್ರತಿಯೊಬ್ಬರಿಗೂ ಇದೆ. ಅಲ್ಲಿ ನನ್ನ ಅಳತೆ ಕಲ್ಪನೆಯಲ್ಲ, ನಾಳೆ ಬೆಳಗ್ಗೆ ಬರಬಹುದಾದ ಪತ್ರ. ಅದಕ್ಕೂ ಮೊದಲೇ, 2016ರ ಡಿಸೆಂಬರ್‌ನಲ್ಲಿ, ಬ್ರಿಟನ್ನಿನ ಮಾಹಿತಿ ಆಯುಕ್ತರ ಕಚೇರಿ ಎರಡು ದೊಡ್ಡ ದತ್ತಿ ಸಂಸ್ಥೆಗಳಿಗೆ ದಂಡ ಹಾಕಿತು. ಪ್ರಾಣಿ ದಯಾ ಸಂಸ್ಥೆ ಆರ್‌ಎಸ್‌ಪಿಸಿಎಗೆ 25,000 ಪೌಂಡ್, ಬ್ರಿಟಿಷ್ ಹಾರ್ಟ್ ಫೌಂಡೇಷನ್‌ಗೆ 18,000 ಪೌಂಡ್. ದಾನಿಗಳಿಗೆ ತಿಳಿಸದೆ ಅವರ ಸಂಪತ್ತಿನ ಸ್ಕ್ರೀನಿಂಗ್ ಮಾಡಿಸಿದ್ದು ಅವುಗಳ ಮೇಲಿದ್ದ ಮುಖ್ಯ ಆರೋಪಗಳಲ್ಲೊಂದು. 2017ರ ಏಪ್ರಿಲ್‌ನಲ್ಲಿ ಇನ್ನೂ 11 ಸಂಸ್ಥೆಗಳಿಗೆ ದಂಡ ಬಿತ್ತು. ಭಾರತದಲ್ಲೂ 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂದಿದೆ. ಹಳೆಯ ವಿದ್ಯಾರ್ಥಿಗಳಿಗೆ ಕಳಿಸುವ ನೋಂದಣಿ ಫಾರಂನಲ್ಲೇ, ನಿಮ್ಮ ಬಗ್ಗೆ ಸಾರ್ವಜನಿಕವಾಗಿ ಸಿಗುವ ಮಾಹಿತಿಯನ್ನು ನಾವು ಹೀಗೆ ಹೀಗೆ ಬಳಸುತ್ತೇವೆ, ಬೇಡ ಅಂದರೆ ಹೇಳಿ ಅಂತ ಸರಳವಾಗಿ ಬರೆದುಬಿಡಿ. ಬೇಡ ಅನ್ನುವವರ ಬಗ್ಗೆ ಆಮೇಲೆ ಹುಡುಕಬೇಡಿ, ಅಷ್ಟೇ.

ಇನ್ನು ಯಾರಿಂದ ತೆಗೆದುಕೊಳ್ಳಬಾರದು ಅನ್ನುವ ವಿಷಯ. ನಮ್ಮ ಕೆಲಸದಲ್ಲಿ ಇದಕ್ಕೆ ಸಿಗಬೇಕಾದಷ್ಟು ಜಾಗ ಸಿಕ್ಕಿಲ್ಲ ಅನ್ನುವುದು ನನ್ನ ದೃಢವಾದ ಅಭಿಪ್ರಾಯ. ದಾನಿಯನ್ನು ಹುಡುಕಿಕೊಡುವ ಸಂಶೋಧಕರೇ ಆ ದಾನಿ ಯಾರು, ಹಣ ಎಲ್ಲಿಂದ ಬಂತು ಅನ್ನುವುದನ್ನೂ ಬರೆಯಬೇಕು. ಬರೆಯದಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ಒಂದು ಉದಾಹರಣೆ ಅಮೆರಿಕದ ಫ್ಲಾರಿಡಾ ಎ ಆ್ಯಂಡ್ ಎಂ ವಿಶ್ವವಿದ್ಯಾಲಯ. 2024ರ ಮೇ 4ರಂದು ಘಟಿಕೋತ್ಸವದ ವೇದಿಕೆಯ ಮೇಲೆ ಆಳೆತ್ತರದ ಚೆಕ್ ಹಿಡಿದು 23.7 ಕೋಟಿ ಡಾಲರ್‌ಗೂ ಮೀರಿದ ದೇಣಿಗೆ ಘೋಷಿಸಿದರು. ಆ ವಿಶ್ವವಿದ್ಯಾಲಯದ ಇತಿಹಾಸದಲ್ಲೇ ಅಷ್ಟು ದೊಡ್ಡದು ಬಂದಿರಲಿಲ್ಲ. ಆದರೆ ಬಂದದ್ದು ನಗದಲ್ಲ. ಗಾಂಜಾ ಜಾತಿಯ ಹೆಂಪ್ ಬೆಳೆಯುವ ಒಂದು ಖಾಸಗಿ ಕಂಪನಿಯ ಷೇರು, ಅದಕ್ಕೆ ಮಾರುಕಟ್ಟೆಯೇ ಇಲ್ಲ, ಬೆಲೆ ಇಷ್ಟು ಅಂತ ಹೊರಗಿನ ಯಾರೂ ಖಾತರಿಪಡಿಸಿರಲಿಲ್ಲ. ಅಧಿಕಾರಿಗಳು ವಿಷಯ ಹೊರಗೆ ಬಿಡುವುದಿಲ್ಲ ಅಂತ ಗೋಪ್ಯತೆಯ ಒಪ್ಪಂದಕ್ಕೆ ಸಹಿ ಹಾಕಿದ್ದರು, ಹಾಗಾಗಿ ನೋಡಿ ಪ್ರಶ್ನೆ ಕೇಳಬೇಕಾಗಿದ್ದವರಿಗೆ ಅದು ಗೊತ್ತೇ ಆಗಲಿಲ್ಲ. ಅದೇ ದಾನಿ 2020ರಲ್ಲಿ ಕೋಸ್ಟಲ್ ಕೆರೊಲಿನಾ ವಿಶ್ವವಿದ್ಯಾಲಯಕ್ಕೆ 9.5 ಕೋಟಿ ಡಾಲರ್ ಕೊಡುತ್ತೇನೆ ಅಂದಿದ್ದ ಮಾತು ಮುರಿದುಬಿದ್ದಿತ್ತು. ಘೋಷಣೆಯಾದ ಕೆಲವೇ ದಿನಗಳಲ್ಲಿ ಈ ದೇಣಿಗೆಯನ್ನೂ ತಡೆಹಿಡಿಯಬೇಕಾಯಿತು. ದೇಣಿಗೆ ವಿಭಾಗದ ಮುಖ್ಯಸ್ಥರು ಹುದ್ದೆ ಬಿಟ್ಟರು, ಜುಲೈನಲ್ಲಿ ವಿಶ್ವವಿದ್ಯಾಲಯದ ಅಧ್ಯಕ್ಷರೂ ರಾಜೀನಾಮೆ ಘೋಷಿಸಿದರು. ಒಬ್ಬ ಸಂಶೋಧಕರನ್ನು ಕೂರಿಸಿ ಒಂದು ವಾರ ಕೊಟ್ಟಿದ್ದರೆ ತಪ್ಪಿಸಬಹುದಾಗಿದ್ದ ಅನಾಹುತ ಇದು ಅಂತ ನಾನು ನಂಬಿದ್ದೇನೆ. ಕೋಸ್ಟಲ್ ಕೆರೊಲಿನಾಕ್ಕೆ ಒಂದು ಫೋನ್ ಮಾಡಿದ್ದರೂ ಸಾಕಿತ್ತೇನೋ.

ಆದರೆ ಗೊತ್ತಿದ್ದೂ ತೆಗೆದುಕೊಳ್ಳುವವರಿಗೆ ಏನು ಮಾಡುವುದು? ಜೆಫ್ರಿ ಎಪ್‌ಸ್ಟೀನ್ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯಕ್ಕೆ ಕೊಟ್ಟ ಹಣದ ಬಗ್ಗೆ 2020ರ ಜನವರಿಯಲ್ಲಿ ತನಿಖಾ ವರದಿ ಬಂತು. 2002ರಿಂದ 2017ರವರೆಗೆ 10 ದೇಣಿಗೆ, ಒಟ್ಟು 8,50,000 ಡಾಲರ್. ಅವುಗಳಲ್ಲಿ 9 ಬಂದದ್ದು 2008ರಲ್ಲಿ ಲೈಂಗಿಕ ಅಪರಾಧಕ್ಕೆ ಅವನಿಗೆ ಶಿಕ್ಷೆಯಾದ ಮೇಲೆ. ಮೇಲಿನ ಕೆಲವರಿಗೆ ಅವನು ಯಾರು ಅನ್ನುವುದು ಗೊತ್ತಿತ್ತು. ಸಣ್ಣ ಮೊತ್ತವಾದರೆ, ಪ್ರಚಾರ ಇಲ್ಲದಿದ್ದರೆ ಪರವಾಗಿಲ್ಲ ಅಂತ ಒಳಗೊಳಗೇ ಒಪ್ಪಿಕೊಂಡಿದ್ದರು. ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್, ಲಿಬಿಯಾದ ಸರ್ವಾಧಿಕಾರಿ ಗಡಾಫಿಯ ಮಗ ಸೈಫ್ ನಡೆಸುತ್ತಿದ್ದ ಪ್ರತಿಷ್ಠಾನದಿಂದ 15 ಲಕ್ಷ ಪೌಂಡಿಗೆ ಒಪ್ಪಿಕೊಂಡಿತ್ತು. ಸೈಫ್ ಅಲ್ಲೇ ಪಿಎಚ್‌ಡಿ ಮಾಡಿದವನು. ನಿಜವಾಗಿ ಕೈಗೆ ಬಂದದ್ದು 3 ಲಕ್ಷ ಪೌಂಡ್. 2011ರ ಮಾರ್ಚ್‌ನಲ್ಲಿ ನಿರ್ದೇಶಕ ಹೊವಾರ್ಡ್ ಡೇವಿಸ್ ರಾಜೀನಾಮೆ ಕೊಟ್ಟರು. ಇಲ್ಲಿ ಕೊರತೆ ಇದ್ದದ್ದು ಮಾಹಿತಿಯದಲ್ಲ, ಗಡಾಫಿ ಯಾರು ಅಂತ ತಿಳಿಯಲು ಸಂಶೋಧಕರು ಬೇಕಾಗಿಲ್ಲ.

ಅದಕ್ಕೇ ನಾನು ಈಗ ಪ್ರೊಫೈಲ್‌ಗಿಂತ ಜಾಸ್ತಿ ಒತ್ತಾಯ ಮಾಡುವುದು ದೇಣಿಗೆ ಸ್ವೀಕರಿಸುವ ನಿಯಮದ ಬಗ್ಗೆ. ನಿಯಮ ಬರವಣಿಗೆಯಲ್ಲಿ ಇರಬೇಕು. ಇಂತಿಷ್ಟು ಮೊತ್ತ ದಾಟಿದ ಪ್ರತಿ ದೇಣಿಗೆಯೂ ಒಂದು ಸಮಿತಿಯ ಮುಂದೆ ಹೋಗಬೇಕು, ಆ ಸಮಿತಿಯಲ್ಲಿ ವರ್ಷದ ಗುರಿ ಮುಟ್ಟಬೇಕಾದವರು ಮಾತ್ರವೇ ಇರಬಾರದು, ಒಬ್ಬರಾದರೂ ಅಧ್ಯಾಪಕರು, ಒಬ್ಬರಾದರೂ ಕಾನೂನು ತಿಳಿದವರು ಇರಬೇಕು. ಸಂಶೋಧಕರ ಟಿಪ್ಪಣಿ ದೇಣಿಗೆ ಅಧಿಕಾರಿಯ ಕೈಯಲ್ಲಿ ಸೋಸಿ ಹೋಗದೆ ನೇರ ಸಮಿತಿಗೇ ಹೋಗಬೇಕು. ದಾನಿ ಹೊರಗಿನವರಿಗೆ ತಮ್ಮ ಹೆಸರು ಬೇಡ ಅಂದರೆ ಸರಿ, ಅದು ಅವರ ಇಷ್ಟ, ಆದರೆ ಸಮಿತಿಗೆ ಹೆಸರು ಗೊತ್ತಿರಲೇಬೇಕು. ಮತ್ತು ಇದೆಲ್ಲ ಮುಗಿಯಬೇಕಾದದ್ದು ಚೆಕ್ ಅಚ್ಚು ಹಾಕಿಸುವ ಮೊದಲು.

ನೀವು ಇದೇ ಕೆಲಸದಲ್ಲಿದ್ದರೆ, ನಿಮ್ಮ ಕಚೇರಿಯಲ್ಲಿ ಇಂಥ ನಿಯಮ ಇದೆಯಾ ಅಂತ ನಾಳೆಯೇ ಕೇಳಿ. ಇದೆ ಅಂದರೆ ಪ್ರತಿ ತೆಗೆಸಿ ಓದಿ, ಕೊನೆಯ ಸಲ ಅದನ್ನು ಬಳಸಿ ಯಾವ ದೇಣಿಗೆಯನ್ನು ಬೇಡ ಅಂದರು ಅಂತಲೂ ಕೇಳಿ. ಇಲ್ಲ ಅಂದರೆ ಒಂದು ಪುಟದ ಕರಡು ನೀವೇ ಬರೆದು ಕೊಡಿ. ಅದನ್ನು ಬರೆಯಲು ಬೇಕಾದ ವಿಷಯವೆಲ್ಲ ಸಂಶೋಧಕರ ಹತ್ತಿರವೇ ಇರುತ್ತದೆ.